ಹಳೆ ಪಿಕಪ್‌ಗೆ ಎರಡು ಲೆಕ್ಕದ ಪುಸ್ತಕ

ಮಲೆನಾಡಿನಲ್ಲಿ ಫೋರ್ ವೀಲ್ ಡ್ರೈವ್ ಪಿಕಪ್‌ಗಳಿಗೆ ಬೇಗ ನಿವೃತ್ತಿ ಸಿಗುವುದಿಲ್ಲ. ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಸುತ್ತಿನ ತೋಟಗಳ ಶೆಡ್ಡುಗಳಲ್ಲಿ ಇಂದಿಗೂ 2007ರಲ್ಲಿ ಮಾರುಕಟ್ಟೆಗೆ ಬಂದ ಸ್ಕಾರ್ಪಿಯೊ ಗೆಟ್‌ಅವೇ, ಅದರ ಬೆನ್ನಿಗೆ ಬಂದ ಟಾಟಾ ಜೆನಾನ್ ಎಕ್ಸ್‌ಟಿ, ಬೊಲೆರೊ ಕ್ಯಾಂಪರ್‌ಗಳು ದುಡಿಯುತ್ತಿವೆ. 2016ರಲ್ಲಿ ಬಂದ ಇಸುಜು ವಿ-ಕ್ರಾಸ್‌ನ ಮೊದಲ ಕಂತಿನ ಗಾಡಿಗಳೂ ಈಗ ಹಳೆಯವರ ಸಾಲಿಗೆ ಸೇರುತ್ತಿವೆ. ವಾರದ ದಿನ ಗೊಬ್ಬರ, ಡೀಸೆಲ್ ಕ್ಯಾನು, ಕಾಫಿ ಮೂಟೆ. ಭಾನುವಾರ ಅದೇ ಗಾಡಿಯಲ್ಲಿ ಮನೆಮಂದಿಯೆಲ್ಲ ಮದುವೆಗೆ. ಈ ಎರಡೂ ಕೆಲಸಕ್ಕೆ ಒಗ್ಗುವ ಹೊಸ ಡಬಲ್ ಕ್ಯಾಬ್ ಫೋರ್ ವೀಲ್ ಗಾಡಿ ಕೊಳ್ಳಹೊರಟರೆ ಬೆಲೆ 20 ಲಕ್ಷ ದಾಟುತ್ತದೆ. ಹಾಗಾಗಿ ಇರುವುದನ್ನೇ ಇನ್ನೊಂದೈದಾರು ವರ್ಷ ಓಡಿಸೋಣ, ಎರಡು-ಮೂರು ಲಕ್ಷ ಹಾಕಿ ಚೆಂದ ಮಾಡೋಣ ಎನ್ನುವ ಯೋಚನೆ ಬರುವುದು ಸಹಜ. ಯೋಚನೆ ಒಳ್ಳೆಯದೇ. ಆದರೆ ಹಣ ಎಲ್ಲಿಂದ ಖರ್ಚಾಗತೊಡಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಬಹುತೇಕ ಗಾಡಿಗಳಲ್ಲಿ ಅದು ಮುಂದಿನ ಬಂಪರ್‌ನಿಂದ ಶುರುವಾಗುತ್ತದೆ. ಕಬ್ಬಿಣದ ದಪ್ಪ ಬಂಪರ್, ಅದರ ಮೇಲೆ ವಿಂಚ್, ಮೇಲ್ಗಡೆ ಲೈಟಿನ ಪಟ್ಟಿ, ಕೆಳಗೆ ಒರಟು ಹಲ್ಲಿನ ದೊಡ್ಡ ಟಯರು. ಹೊರಗೆ ಕಾಣುವ ಇವೆಲ್ಲ ಮುಗಿಯುವ ಹೊತ್ತಿಗೆ ಕೈಯಲ್ಲಿದ್ದ ಹಣವೂ ಮುಗಿದಿರುತ್ತದೆ. ಹನ್ನೆರಡು ವರ್ಷದ ಬ್ರೇಕ್ ಹೋಸು, ಸವೆದ ಬುಶ್ಶು, ನೀರು ಸೇರಿದ ಆಕ್ಸಲ್ ಆಯಿಲ್ ಮಾತ್ರ ಹಾಗೆಯೇ ಉಳಿದು, ಹೆಚ್ಚಿದ ಭಾರವನ್ನು ಹೊರುತ್ತವೆ. ಹಳೆ ಗಾಡಿಯ ಕೆಲಸಕ್ಕೆ ಕೈಹಾಕುವವರು ಎರಡು ಲೆಕ್ಕ ಇಡಬೇಕು. ಒಂದು ರೂಪಾಯಿಯದು, ಇನ್ನೊಂದು ಕಿಲೋಗ್ರಾಮಿನದು. ಮೊದಲನೆಯದನ್ನು ಎಲ್ಲರೂ ಇಡುತ್ತಾರೆ. ಎರಡನೆಯದನ್ನು ಇಡುವವರು ಅಪರೂಪ. ಗಾಡಿ ಸೋಲುವುದು ಹೆಚ್ಚಾಗಿ ಎರಡನೆಯದರಲ್ಲಿ.

ಯಾವುದೇ ಲೆಕ್ಕಕ್ಕೂ ಮುಂಚೆ ಗಾಡಿ ನಿಜವಾಗಿ ಏನು ಕೆಲಸ ಮಾಡುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಮಲೆನಾಡಿನ ತೋಟದ ಗಾಡಿಗೆ ಅದರದೇ ಪಂಚಾಂಗವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರು, ಜಾರುವ ಮಣ್ಣುದಾರಿ, ಉಕ್ಕುವ ಹಳ್ಳ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಸಂಕ್ರಾಂತಿ ಕಳೆದಂತೆ ರೋಬಸ್ಟಾ. ಆಗ ಕೆಲಸವೆಲ್ಲ ಭಾರ ಹೊರುವುದೇ. ಮಧ್ಯೆ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಘಾಟಿ ಇಳಿದು ಮಂಗಳೂರಿಗೆ ಹೋಗಿಬರುವುದು. ಹೀಗೆ ಬರೆದು ನೋಡಿದರೆ ನೂರು ಕಿಲೋಮೀಟರ್ ಓಟದಲ್ಲಿ ನಿಜವಾಗಿ ಫೋರ್ ವೀಲ್ ಬೇಕಾದ ದಾರಿ ನಾಲ್ಕೈದು ಕಿಲೋಮೀಟರ್ ಇರಬಹುದು, ಅಷ್ಟೆ. ಉಳಿದ ತೊಂಬತ್ತೈದು ಡಾಂಬರು. ಆ ನಾಲ್ಕೈದು ಕಿಲೋಮೀಟರಿಗಾಗಿ ಮಾಡುವ ಬದಲಾವಣೆ ಉಳಿದ ದಾರಿಯಲ್ಲಿ ಬ್ರೇಕನ್ನೋ ಹಿಡಿತವನ್ನೋ ಕೆಡಿಸಿದರೆ ಅದು ಸುಧಾರಣೆ ಹೇಗಾದೀತು?

ಮೇ ತಿಂಗಳ ಆರಂಭದಲ್ಲಿ, ಕೊಯ್ಲು ಮುಗಿದು ಮಳೆ ಇನ್ನೂ ಹಿಡಿಯದ ಬಿಡುವಿನಲ್ಲಿ, ಗಾಡಿಯನ್ನು ಚೆನ್ನಾಗಿ ತೊಳೆಸಿ ರ‍್ಯಾಂಪ್ ಮೇಲೆ ಏರಿಸಬೇಕು. ತೊಳೆಸುವುದೇ ಮುಖ್ಯ, ಕೆಮ್ಮಣ್ಣು ಮೆತ್ತಿದ ಚಾಸಿಯಲ್ಲಿ ಏನೂ ಕಾಣುವುದಿಲ್ಲ. ಮೊದಲು ನೋಡಬೇಕಾದ್ದು ತುಕ್ಕು. ಚಾಸಿಯ ಉದ್ದದ ತೊಲೆಗಳು ಒಳಗೆ ಟೊಳ್ಳು. ಹಿಂದಿನ ಚಕ್ರ ಎರಚಿದ ಕೆಸರು ತೂತುಗಳ ಮೂಲಕ ಒಳಗೆ ಸೇರಿ ವರ್ಷಗಟ್ಟಲೆ ತೇವ ಹಿಡಿದಿಟ್ಟಿರುತ್ತದೆ. ಸ್ಪ್ರಿಂಗಿನ ಬ್ರಾಕೆಟ್ ಚಾಸಿಗೆ ಕೂಡುವಲ್ಲಿ, ತೊಟ್ಟಿಯ ಬೋಲ್ಟುಗಳ ಅಡಿಯಲ್ಲಿ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಕಬ್ಬಿಣ ಖಣ್ಣೆನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ, ಸ್ಕ್ರೂಡ್ರೈವರ್ ಒತ್ತಿದರೆ ಪದರ ಏಳುತ್ತದೆ. ಕರಾವಳಿಯಲ್ಲಿ ದುಡಿದ ಗಾಡಿಯನ್ನು ಕೊಂಡುತಂದವರಂತೂ ಇದಕ್ಕಾಗಿ ಅರ್ಧ ದಿನ ಎತ್ತಿಡಬೇಕು. ತುಕ್ಕಿನ ಮೇಲೆಯೇ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಬಳಿಸುವವರಿದ್ದಾರೆ. ಅದರಿಂದ ತುಕ್ಕು ಕಣ್ಮರೆಯಾಗುತ್ತದೆ, ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಕೋಟಿಂಗ್‌ನಡಿ ಸೇರಿದ ನೀರಿಗೆ ಒಣಗಲು ದಾರಿಯೇ ಇರುವುದಿಲ್ಲ. ಕೆರೆದು, ತುಕ್ಕು ತೆಗೆದು, ಪ್ರೈಮರ್ ಹೊಡೆದ ಮೇಲಷ್ಟೇ ಕೋಟಿಂಗ್. ಚಾಸಿಯಲ್ಲಿ ಬಿರುಕೋ ತೂತೋ ಕಂಡರೆ ಅಪ್‌ಗ್ರೇಡ್ ಯೋಜನೆ ಅಲ್ಲಿಗೇ ನಿಲ್ಲಬೇಕು. ಅಂಥ ಗಾಡಿಯ ಮೇಲೆ ಹೊಸ ಟಯರಿನ ಹಣವನ್ನೂ ಹಾಕಬಾರದು.

ಎರಡನೆಯದು ನಾಲ್ಕೂ ಚಕ್ರಕ್ಕೆ ಬಲ ಹಂಚುವ ವ್ಯವಸ್ಥೆ. ಈ ಗಾಡಿಗಳದು ಬೇಕಾದಾಗ ಮಾತ್ರ ಹಾಕುವ ಫೋರ್ ವೀಲ್. ಫೋರ್ ಹೈ ಹಾಕಿದೊಡನೆ ಟ್ರಾನ್ಸ್‌ಫರ್ ಕೇಸ್ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟುಗಳನ್ನು ಒಂದಕ್ಕೊಂದು ಬಿಗಿದುಬಿಡುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಉದ್ದದ ದಾರಿ ಕ್ರಮಿಸಬೇಕು. ಕೆಸರಿನಲ್ಲಾದರೆ ಟಯರು ಕೊಂಚ ಜಾರಿ ಆ ವ್ಯತ್ಯಾಸವನ್ನು ನುಂಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಎಡೆಯಿಲ್ಲದೆ ಎಳೆತವೆಲ್ಲ ಶಾಫ್ಟು, ಕ್ರಾಸು, ಚೈನಿನ ಮೇಲೆ ಬೀಳುತ್ತದೆ. ಹಳೆ ಗಾಡಿಯ ಫೋರ್ ವೀಲ್ ಹಾಳಾಗಲು ಒಂದು ಕಾರಣ ಹೀಗೆ ಡಾಂಬರಿನಲ್ಲಿ ಬಳಸುವುದು. ಇನ್ನೊಂದು, ವರ್ಷವಿಡೀ ಬಳಸದೇ ಇರುವುದು. ಗೆಟ್‌ಅವೇ, ಜೆನಾನ್‌ಗಳಲ್ಲಿ ಡ್ಯಾಶ್‌ಬೋರ್ಡಿನ ಗುಂಡಿ ತಿರುಗಿಸಿದರೆ ಟ್ರಾನ್ಸ್‌ಫರ್ ಕೇಸ್ ಮೇಲಿನ ಸಣ್ಣ ಮೋಟಾರು ಕೆಲಸ ಮಾಡುತ್ತದೆ. ತಿಂಗಳಾನುಗಟ್ಟಲೆ ಅಲುಗದ ಮೋಟಾರು ಹಿಡಿದುಕೊಳ್ಳುತ್ತದೆ, ಅದರ ಪ್ಲಗ್ಗಿನ ಪಿನ್ನುಗಳಲ್ಲಿ ಪಾಚಿಬಣ್ಣದ ಕಿಲುಬು ಕೂರುತ್ತದೆ. ಮೊದಲ ಮಳೆಯ ದಿನ ಗುಂಡಿ ತಿರುಗಿಸಿದಾಗ ದೀಪ ಮಿನುಗುತ್ತದೆ, ಗಾಡಿ ಮಾತ್ರ ಹಿಂದಿನ ಚಕ್ರದಲ್ಲೇ ಉಜ್ಜುತ್ತದೆ. ತಿಂಗಳಿಗೊಮ್ಮೆ ಮಣ್ಣುದಾರಿಯಲ್ಲಿ ಫೋರ್ ಹೈ, ಫೋರ್ ಲೋ ಎರಡನ್ನೂ ಹಾಕಿ ಸ್ವಲ್ಪ ದೂರ ಓಡಿಸಿದರೆ ಸಾಕು. ಖರ್ಚಿಲ್ಲದ ಈ ಅಭ್ಯಾಸ ದುಬಾರಿ ರಿಪೇರಿಯನ್ನು ದೂರವಿಡುತ್ತದೆ.

ಆಯಿಲಿನ ಬಗ್ಗೆ ಕೊಂಚ ನಿಂತು ಹೇಳಬೇಕು, ಏಕೆಂದರೆ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲ ಕೊಡುವ ಸುಧಾರಣೆ ಇಲ್ಲೇ ಇದೆ. ಆಕ್ಸಲ್ ಹೌಸಿಂಗ್‌ನ ನೆತ್ತಿಯಲ್ಲಿ ಬ್ರೀದರ್ ಎಂಬ ಪುಟ್ಟ ಉಸಿರುಗೊಳವೆ ಇರುತ್ತದೆ. ಗಾಡಿ ಓಡಿದಾಗ ಒಳಗಿನ ಆಯಿಲು, ಗಾಳಿ ಕಾದು ಹಿಗ್ಗುತ್ತವೆ, ಹಿಗ್ಗಿದ ಗಾಳಿ ಈ ಗೊಳವೆಯಿಂದ ಹೊರಬರುತ್ತದೆ. ಹಾಗೆ ಕಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ. ಕುಗ್ಗುವಾಗ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಬ್ರೀದರ್ ಮುಳುಗಿದ್ದರೆ ನೇರವಾಗಿ ನೀರು, ಕೆಸರು ಕಟ್ಟಿಕೊಂಡಿದ್ದರೆ ಆಯಿಲ್ ಸೀಲ್‌ನ ಅಂಚಿನಿಂದ ನೀರು. ಡ್ರೇನ್ ಬೋಲ್ಟ್ ಬಿಚ್ಚಿದಾಗ ಹಾಲು ಬೆರೆತ ಕಾಫಿಯ ಬಣ್ಣದ ಆಯಿಲ್ ಸುರಿದರೆ ಅದು ಆಗಲೇ ನಡೆದಿದೆ ಎಂದರ್ಥ. ಅಂಥ ಆಯಿಲಿನಲ್ಲಿ ತಿರುಗಿದ ಬೇರಿಂಗು, ಕ್ರೌನ್-ಪಿನಿಯನ್‌ಗಳಿಗೆ ಆಯುಸ್ಸು ಕಡಿಮೆ. ಇದಕ್ಕೆ ಮದ್ದು ಒಂದಷ್ಟು ರಬ್ಬರ್ ಪೈಪು ಮತ್ತು ಕ್ಲಿಪ್ಪುಗಳು. ಮುಂದಿನ, ಹಿಂದಿನ ಆಕ್ಸಲ್, ಟ್ರಾನ್ಸ್‌ಫರ್ ಕೇಸ್, ಗೇರ್‌ಬಾಕ್ಸ್‌ಗಳ ಬ್ರೀದರ್‌ಗಳನ್ನು ಉದ್ದ ಪೈಪಿನಿಂದ ಎಂಜಿನ್ ಬೇ ಎತ್ತರಕ್ಕೆ ಏರಿಸಿ ತುದಿಗೆ ಸಣ್ಣ ಫಿಲ್ಟರ್ ಹಾಕಿದರೆ ಮುಗಿಯಿತು. ಸ್ನಾರ್ಕೆಲ್ ಹಾಕಿಸಿ ಬ್ರೀದರ್ ಮರೆತ ಗಾಡಿಗಳು ಬೇಕಾದಷ್ಟಿವೆ. ಸ್ನಾರ್ಕೆಲ್ ಎಂಜಿನ್ನಿಗೆ ನೀರು ನುಗ್ಗದಂತೆ ಕಾಯುತ್ತದೆ, ದೂಳಿನ ದಾರಿಯಲ್ಲಿ ತುಸು ಚೊಕ್ಕಟ ಗಾಳಿ ಕೊಡುತ್ತದೆ. ಆಕ್ಸಲ್ಲನ್ನಾಗಲಿ ವೈರಿಂಗನ್ನಾಗಲಿ ಅದು ಕಾಯದು.

ಬ್ರೇಕಿನ ವಿಷಯದಲ್ಲೂ ಇದೇ ಮಾತು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಮಲೆನಾಡಿನ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಡಾಟ್ 3 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಆಯಿಲಿಗೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇದು 230 ಮತ್ತು 155. ತುಂಬಿದ ಗಾಡಿ ಚಾರ್ಮಾಡಿಯನ್ನು ಬ್ರೇಕಿನ ಮೇಲೆಯೇ ಇಳಿದರೆ ಆಯಿಲ್ ಕುದಿದು ಪೈಪಿನೊಳಗೆ ಆವಿಯಾಗುತ್ತದೆ, ಪೆಡಲ್ ಮೆತ್ತಗಾಗಿ ಪಾದದಡಿ ಇಳಿದುಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದಕ್ಕೆ ಆಗುವ ವೆಚ್ಚ ಒಂದು ಒಳ್ಳೆಯ ಫಾಗ್ ಲೈಟಿನ ಬೆಲೆಗಿಂತ ಕಡಿಮೆ. ರಬ್ಬರ್ ಹೋಸುಗಳು, ಹಿಂದಿನ ಡ್ರಮ್ಮಿನ ವೀಲ್ ಸಿಲಿಂಡರ್, ಮುಂದಿನ ಕ್ಯಾಲಿಪರ್ ಪಿನ್ನು, ವೀಲ್ ಬೇರಿಂಗ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳು, ರೇಡಿಯೇಟರ್ ಹೋಸು, ಡೀಸೆಲ್ ಫಿಲ್ಟರಿನಡಿ ನೀರು ಸೇರುವ ಬಟ್ಟಲು ಇವನ್ನೆಲ್ಲ ಒಂದೇ ಸಲ ನೋಡಿ ಪಟ್ಟಿ ಮಾಡಬೇಕು. ಒಳ್ಳೆಯ ಮೆಕ್ಯಾನಿಕ್ ಹೇಳುವುದು ಇದನ್ನೇ: "ಗೌಡ್ರೇ, ಕಂಪನಿಯವ್ರು ಕೊಟ್ಟಿದ್ದು ಮೊದ್ಲು ಸರಿ ಕೆಲ್ಸ ಮಾಡ್ಲಿ, ಆಮೇಲೆ ಹೊಸದ್ರ ಮಾತು." ಹಾಗೆ ಹೇಳುವವರನ್ನು ಬಿಡಬಾರದು.

ಇನ್ನು ಕಿಲೋಗ್ರಾಮಿನ ಪುಸ್ತಕ. ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತದೆ. ಖಾಲಿ ಗಾಡಿಯದು ಒಂದು, ಜನ-ಸರಕು ಎಲ್ಲ ಸೇರಿ ಗಾಡಿ ಹೊರಬಹುದಾದ ಒಟ್ಟು ತೂಕ ಇನ್ನೊಂದು. ಲೆಕ್ಕಕ್ಕೆಂದು ಖಾಲಿ ತೂಕ 1,950 ಕೆ.ಜಿ., ಒಟ್ಟು ತೂಕ 2,950 ಕೆ.ಜಿ. ಎಂದಿಟ್ಟುಕೊಳ್ಳಿ. ಮಧ್ಯೆ ಉಳಿಯುವುದು 1,000 ಕೆ.ಜಿ. ಐದು ಜನ ಕೂತರೆ 350 ಕೆ.ಜಿ. ಹೋಯಿತು. ಉಳಿದ 650 ಕೆ.ಜಿ. ಎಂದರೆ 50 ಕೆ.ಜಿ.ಯ ಹದಿಮೂರು ಮೂಟೆ. ಈಗ ಅಲಂಕಾರ ಶುರು ಮಾಡೋಣ. ಕಬ್ಬಿಣದ ಮುಂದಿನ ಬಂಪರ್ 50, ಉಕ್ಕಿನ ಹಗ್ಗದ ವಿಂಚ್ 40, ತೊಟ್ಟಿ ಮುಚ್ಚುವ ಕ್ಯಾನೊಪಿ 70, ಮೇಲಿನ ಕ್ಯಾರಿಯರ್ 30, ಹಿಂದಿನ ಬಂಪರ್ 35, ಎಂಜಿನ್ನಿನಡಿಯ ತಗಡಿನ ಕವಚ 25, ಎರಡನೇ ಬ್ಯಾಟರಿ 20, ದೊಡ್ಡ ಟಯರುಗಳ ಹೆಚ್ಚುವರಿ ತೂಕ ಐದಕ್ಕೂ ಸೇರಿ 30. ಒಟ್ಟು 300 ಕೆ.ಜಿ. ಹದಿಮೂರು ಮೂಟೆ ಹೊರುತ್ತಿದ್ದ ಗಾಡಿಗೆ ಈಗ ಏಳೇ ಮೂಟೆಯ ಅವಕಾಶ. ಪ್ರತಿ ಟ್ರಿಪ್ಪಿನಲ್ಲೂ ಆರು ಮೂಟೆ ಮನೆಯಲ್ಲೇ ಉಳಿಯಬೇಕು. ಉಳಿಸುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿರುವ ಸತ್ಯ; ಹದಿಮೂರನ್ನೂ ಹೇರುತ್ತಾರೆ, ಸ್ಪ್ರಿಂಗು, ಬ್ರೇಕು, ಬೇರಿಂಗು ಅದರ ಬೆಲೆ ಕಟ್ಟುತ್ತವೆ.

ತೂಕ ಎಲ್ಲಿ ಕೂರುತ್ತದೆ ಎನ್ನುವುದೂ ಮುಖ್ಯ. ಬಂಪರ್ ಮತ್ತು ವಿಂಚ್ ಸೇರಿ 90 ಕೆ.ಜಿ. ಮುಂದಿನ ಆಕ್ಸಲ್‌ಗಿಂತ ಮುಕ್ಕಾಲು ಮೀಟರ್ ಮುಂದೆ ತೂಗುತ್ತಿದೆ, ಎರಡು ಆಕ್ಸಲ್‌ಗಳ ನಡುವೆ ಮೂರು ಮೀಟರ್ ಅಂತರ ಎನ್ನೋಣ. ಮುಂದಿನ ಆಕ್ಸಲ್ ಮೇಲೆ ಬೀಳುವುದು 90 ಅಲ್ಲ, ಸುಮಾರು 112 ಕೆ.ಜಿ.; ಹಿಂದಿನ ಆಕ್ಸಲ್‌ನಿಂದ 22 ಕೆ.ಜಿ. ಹಗುರಾಗುತ್ತದೆ. ಖಾಲಿ ಪಿಕಪ್‌ನ ಹಿಂಭಾಗ ಮೊದಲೇ ಹಗುರ, ಒದ್ದೆ ರಸ್ತೆಯಲ್ಲಿ ಬೇಗ ಜಾರುವಂಥದ್ದು. ಅದನ್ನು ಇನ್ನಷ್ಟು ಹಗುರ ಮಾಡಿದಂತಾಯಿತು. ಮಲೆನಾಡಿನವರಿಗೆ ಒಂದು ಅನುಕೂಲವಿದೆ. ಮೂಟೆ ತೂಗುವ ವೇ ಬ್ರಿಡ್ಜ್ ಹತ್ತಿರದ ಪೇಟೆಯಲ್ಲೇ ಸಿಗುತ್ತದೆ. ಟ್ಯಾಂಕ್ ತುಂಬಿಸಿ, ಒಮ್ಮೆ ಇಡೀ ಗಾಡಿ, ಒಮ್ಮೆ ಮುಂದಿನ ಚಕ್ರ ಮಾತ್ರ, ಒಮ್ಮೆ ಹಿಂದಿನ ಚಕ್ರ ಮಾತ್ರ ಏರಿಸಿ ಮೂರು ಚೀಟಿ ತೆಗೆದುಕೊಂಡರೆ ಯಾವ ಅಂಗಡಿಯವರ ಸಲಹೆಗಿಂತಲೂ ಗಟ್ಟಿಯಾದ ಆಧಾರ ಕೈಯಲ್ಲಿರುತ್ತದೆ. ಸ್ಪ್ರಿಂಗ್ ಆರಿಸುವಾಗ ಇದೇ ಅಂಕಿ ಬೇಕಾಗುತ್ತದೆ.

ಗಾಡಿ ಮೊದಲ ಸ್ಥಿತಿಗೆ ಬಂದ ಮೇಲೆ ಹಣ ಹಾಕಲು ಮೊದಲ ಜಾಗ ಟಯರು, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಎಷ್ಟೇ ಬಲ, ಎಷ್ಟೇ ಡಿಫರೆನ್ಷಿಯಲ್ ಲಾಕು ಇದ್ದರೂ ನೆಲ ಮುಟ್ಟುವುದು ನಾಲ್ಕು ಅಂಗೈಯಗಲದ ರಬ್ಬರು. ಹಲ್ಲು ಉಳಿದಿದೆಯೆಂದು ಹಳೆ ಟಯರನ್ನು ನಂಬಬಾರದು. ಪಕ್ಕದ ಗೋಡೆಯ ಮೇಲೆ ಅಚ್ಚಾದ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರ. ವರ್ಷ ಕಳೆದಂತೆ ರಬ್ಬರ್ ಗಟ್ಟಿಯಾಗಿ ಒದ್ದೆ ಡಾಂಬರಿನ ಹಿಡಿತ ಕಳೆದುಕೊಳ್ಳುತ್ತದೆ. ಕೆಸರಿಗೆಂದೇ ಮಾಡಿದ ಎಂ.ಟಿ. ಟಯರು ನೋಡಲು ಗಂಭೀರ. ಆದರೆ ಅದರ ಅಗಲ ಸಂದುಗಳಿಂದಾಗಿ ಡಾಂಬರು ಮುಟ್ಟುವ ರಬ್ಬರು ಕಡಿಮೆ, ಮಳೆಯ ಹೆದ್ದಾರಿಯಲ್ಲಿ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು, ಸದ್ದೂ ಜಾಸ್ತಿ. ನೂರರಲ್ಲಿ ತೊಂಬತ್ತೈದು ಕಿಲೋಮೀಟರ್ ಡಾಂಬರಿನಲ್ಲೇ ಓಡುವ ಗಾಡಿಗೆ ಡಾಂಬರು, ಮಣ್ಣು ಎರಡಕ್ಕೂ ಒಗ್ಗುವ ಎ.ಟಿ. ಟಯರು ಸಾಕು. ಎಂ.ಟಿ. ಬೇಕಾಗುವುದು ತೋಟದ ಗೇಟು ದಾಟದ ಗಾಡಿಗೆ.

ಅಳತೆಯ ಆಸೆಯನ್ನೂ ಲೆಕ್ಕಕ್ಕೆ ಒಡ್ಡಬೇಕು. 235/70 ಆರ್ 16 ಟಯರಿನ ಎತ್ತರ ಸುಮಾರು 735 ಮಿಲಿಮೀಟರ್. ಅದರ ಜಾಗದಲ್ಲಿ 245/75 ಆರ್ 16 ಹಾಕಿದರೆ 774. ಗಾಡಿ ಎದ್ದದ್ದು ಇದರ ಅರ್ಧ, ಎಂದರೆ ಎರಡು ಸೆಂಟಿಮೀಟರಿನೊಳಗೆ. ಪ್ರತಿಯಾಗಿ ಎಲ್ಲ ಗೇರುಗಳೂ ಶೇ 5ರಷ್ಟು ಉದ್ದವಾದವು, ಏರಿನಲ್ಲಿ ಕ್ಲಚ್ಚಿನ ಮೇಲೆ ಒತ್ತಡ ಹೆಚ್ಚಿತು, ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ಮೊದಲಿಗಿಂತ ಹೆಚ್ಚು ವೇಗದಲ್ಲಿ, 63ರ ಲೆಕ್ಕದಲ್ಲಿ ಓಡುತ್ತಿರುತ್ತದೆ, ಬ್ರೇಕ್ ಅದೇ ಹಳೆಯದು. ಭಾರ ಹೊರುವ ಗಾಡಿಗೆ ಎತ್ತರಕ್ಕಿಂತ ಟಯರಿನ ಲೋಡ್ ಇಂಡೆಕ್ಸ್ ಮುಖ್ಯ. 104 ಎಂದಿದ್ದರೆ ಆ ಟಯರು 900 ಕೆ.ಜಿ. ಹೊರಬಲ್ಲದು, 112 ಎಂದಿದ್ದರೆ 1,120 ಕೆ.ಜಿ. ಇನ್ನೊಂದು ವಿಷಯ: ಕೊಳ್ಳುವುದಾದರೆ ಐದೂ ಒಂದೇ ಅಳತೆಯವಾಗಿರಲಿ. ಎತ್ತರ ಬೇರೆಯಾದ ಸ್ಟೆಪ್ನಿ ಹಾಕಿಕೊಂಡು ಫೋರ್ ವೀಲ್‌ನಲ್ಲಿ ಓಡಿಸಿದರೆ ಟ್ರಾನ್ಸ್‌ಫರ್ ಕೇಸ್ ಪ್ರತಿ ಸುತ್ತಿನಲ್ಲೂ ಆ ವ್ಯತ್ಯಾಸದೊಂದಿಗೆ ಗುದ್ದಾಡುತ್ತದೆ.

ಟಯರಿನ ಜೊತೆಗೇ ಕೊಳ್ಳಬೇಕಾದ್ದು ಗಾಳಿ ಅಳೆಯುವ ಗೇಜು ಮತ್ತು ಬ್ಯಾಟರಿಗೆ ಸಿಕ್ಕಿಸುವ ಕಂಪ್ರೆಸರ್. ಕೆಸರಿನ ಏರಿನಲ್ಲಿ 35 ಪಿಎಸ್‌ಐ ಇದ್ದ ಗಾಳಿಯನ್ನು 20ಕ್ಕೆ ಇಳಿಸಿದರೆ ಟಯರು ನೆಲಕ್ಕೆ ಉದ್ದಕ್ಕೆ ಚಾಚಿಕೊಂಡು ಹಿಡಿಯುತ್ತದೆ. ನಾಲ್ಕೂ ಚಕ್ರ ಉಜ್ಜುತ್ತಿದ್ದ ಏರನ್ನು ಅದೇ ಗಾಡಿ ಸಲೀಸಾಗಿ ಹತ್ತುವುದನ್ನು ನೋಡಿದವರಿಗೆ ವಿಂಚಿನ ಆಸೆ ಅರ್ಧ ಇಳಿಯುತ್ತದೆ. ಡಾಂಬರು ಮುಟ್ಟುವ ಮೊದಲು ಗಾಳಿ ತುಂಬಿಸಲೇಬೇಕು. ತಗ್ಗಿದ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟಯರಿನ ಪಕ್ಕದ ಗೋಡೆ ಕಾದು ಸಿಡಿಯಬಹುದು.

ಸಸ್ಪೆನ್ಷನ್ನಿನಲ್ಲಿ ಒಂದು ಪುಕ್ಕಟೆ ಆಮಿಷವಿದೆ. ಜೆನಾನ್‌ನಂಥ ಗಾಡಿಗಳಿಗೆ ಮುಂದೆ ಟಾರ್ಷನ್ ಬಾರ್. ಅದರ ಬೋಲ್ಟ್ ಬಿಗಿದರೆ ಮೂತಿ ಎರಡಿಂಚು ಮೇಲೇಳುತ್ತದೆ, ಹತ್ತು ನಿಮಿಷದ ಕೆಲಸ. ಆದರೆ ಸ್ಪ್ರಿಂಗಿನ ಗಡಸುತನ ಬದಲಾಗಿರುವುದಿಲ್ಲ. ಚಕ್ರ ಕೆಳಕ್ಕೆ ಇಳಿಯಲು ಇದ್ದ ಅವಕಾಶವನ್ನು ತಿಂದು ಗಾಡಿ ಎದ್ದಿದೆ. ಗುಂಡಿ ಬಂದಾಗ ಚಕ್ರ ಇಳಿಯಲಾರದೆ ತಟ್ಟೆಂದು ಬಡಿಯುತ್ತದೆ, ಡ್ರೈವ್ ಶಾಫ್ಟಿನ ಜಾಯಿಂಟುಗಳು ಸದಾ ಓರೆ ಕೋನದಲ್ಲಿ ತಿರುಗಿ ಸವೆಯುತ್ತವೆ, ಬಾಲ್ ಜಾಯಿಂಟ್ ಬೇಗ ಹೋಗುತ್ತದೆ. ಸೋತ ಬಾರನ್ನು ಕಂಪನಿ ಹೇಳಿದ ಎತ್ತರಕ್ಕೆ ತರಲು ಬಿಗಿಯುವುದು ಸರಿ. ಅದಕ್ಕಿಂತ ಮೇಲಕ್ಕೆ ಬೇಡ. ಹಿಂದಿನ ಲೀಫ್ ಸ್ಪ್ರಿಂಗಿಗೂ ಹೀಗೆಯೇ. ತೂಕದ ಚೀಟಿ ನೋಡದೆ ಪ್ಲೇಟು ಸೇರಿಸಿದರೆ ಖಾಲಿ ಗಾಡಿ ಕುಣಿಯುತ್ತದೆ, ಹಿಂದಿನ ಸೀಟಿನವರ ಬೆನ್ನು ಮುರಿಯುತ್ತದೆ. ಹಳೆ ಪ್ಲೇಟುಗಳನ್ನು ಬಿಚ್ಚಿ, ಸೋತದ್ದನ್ನು ಬದಲಿಸಿ, ಬುಶ್ಶು, ಶ್ಯಾಕಲ್ ಪಿನ್ನು, ಯು ಬೋಲ್ಟು ಹೊಸದು ಹಾಕಿ, ಒಳ್ಳೆಯ ಶಾಕ್ ಅಬ್ಸಾರ್ಬರ್ ಕೂರಿಸಿದರೆ ಹಲವು ಗಾಡಿಗಳಿಗೆ ಇನ್ನೇನೂ ಬೇಕಾಗುವುದಿಲ್ಲ. ಎಂಜಿನ್ನಿಗೆ ಚಿಪ್ ಹಾಕಿಸಿ ಬಲ ಹೆಚ್ಚಿಸುವ ಮಾತನ್ನು ಹಳೆ ಗಾಡಿಯ ಮಟ್ಟಿಗೆ ತೆಗೆಯಲೇಬಾರದು. ಹಳೆ ಕ್ಲಚ್ಚು, ಹಳೆ ಟರ್ಬೊ, ಹಳೆ ಕ್ರಾಸುಗಳಿಗೆ ಆ ಹೆಚ್ಚುವರಿ ಬಲ ಶಿಕ್ಷೆ.

ಸಿಕ್ಕಿಕೊಂಡ ಗಾಡಿಯನ್ನು ಎಳೆಯುವ ಸಾಮಾನಿನಲ್ಲಿ ಮೊದಲು ಬೇಕಾದ್ದು ಚಾಸಿಗೆ ನೇರವಾಗಿ ಬೋಲ್ಟ್ ಆದ ಗಟ್ಟಿ ಕೊಕ್ಕೆ, ಹಿಂದೊಂದು ಮುಂದೊಂದು. ಆಮೇಲೆ ತೂಕಕ್ಕೆ ತಕ್ಕ ಶ್ಯಾಕಲ್, ಹಿಗ್ಗುವ ನೈಲಾನ್ ಹಗ್ಗ, ಒಂದು ಗುದ್ದಲಿ. ಟ್ರೈಲರ್ ಸಿಕ್ಕಿಸುವ ಗುಂಡಿಗೆ ಹಗ್ಗ ಹಾಕಿ ಜಗ್ಗುವ ಅಭ್ಯಾಸ ಕೂಡಲೇ ನಿಲ್ಲಬೇಕು; ಅದು ಕಿತ್ತುಬಂದರೆ ಗುಂಡಿನ ವೇಗದಲ್ಲಿ ಹಾರುತ್ತದೆ, ಅದರಿಂದ ಜೀವಗಳೇ ಹೋಗಿವೆ. ಇದಾದ ಮೇಲೂ ವಿಂಚ್ ಬೇಕೆನಿಸಿದರೆ ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು ಎಳೆಯುವಂಥದ್ದು ಸಾಕು, ಸಿಂಥೆಟಿಕ್ ಹಗ್ಗದ್ದಾದರೆ ಹತ್ತು ಕೆ.ಜಿ.ಯಷ್ಟು ಉಳಿತಾಯ. ಆದರೆ ಕಾಫಿ ತೋಟದಲ್ಲಿ ವಿಂಚನ್ನು ಯಾವ ಮರಕ್ಕೆ ಕಟ್ಟುತ್ತೀರಿ? ದಾರಿಯ ಬದಿಯ ಸಿಲ್ವರ್ ಓಕ್‌ಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಬೆಲ್ಟು ಸುತ್ತಿ ಎಳೆದರೆ ವರ್ಷಗಟ್ಟಲೆ ಬೆಳೆಸಿದ ಬಳ್ಳಿ ಜಜ್ಜಿಹೋಗುತ್ತದೆ, ಸಿಲ್ವರ್ ಓಕ್ ಮರವೂ ಪೆಡಸು. ದಾರಿಯ ಚರಂಡಿ ಬಿಡಿಸಿ, ಜಾರುವ ಏರಿಗೆ ನಾಲ್ಕು ಲೋಡ್ ಜಲ್ಲಿ ಹಾಕಿಸುವುದು ವಿಂಚಿಗಿಂತ ಒಳ್ಳೆಯ ಹೂಡಿಕೆಯಾಗುವ ತೋಟಗಳು ಬಹಳ. ಚಕ್ರ ಉಜ್ಜಿ ಕೊರೆದ ಗೀರು ಮುಂದಿನ ಮಳೆಗೆ ಕೊರಕಲಾಗುತ್ತದೆ, ಅದರ ಮಣ್ಣು ಹಳ್ಳ ಸೇರುತ್ತದೆ. ಇಳಿಜಾರು ನೆಲದಲ್ಲಿ ಬದುಕುವವರು ಇದನ್ನು ಮರೆಯಲಾಗದು.

ಲೈಟಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹಳೆ ಗಾಡಿಯ ಮಂದ ಬೆಳಕಿಗೆ ಕಾರಣ ಬಲ್ಬಿಗಿಂತ ಹೆಚ್ಚಾಗಿ ಕಿಲುಬು ಹಿಡಿದ ಅರ್ಥಿಂಗ್ ಮತ್ತು ತೆಳು ವೈರು. ರಿಲೇ ಇರುವ ಹೊಸ ವೈರಿಂಗ್, ಶುದ್ಧ ಅರ್ಥಿಂಗ್, ಮಸುಕಾಗದ ಗಾಜು ಇದ್ದರೆ 60/55 ವಾಟ್‌ನ ಮಾಮೂಲಿ ಬಲ್ಬೇ ಸಾಕಷ್ಟು ಬೆಳಗುತ್ತದೆ. ಮಂಜಿನಲ್ಲಿ ಬಿಳಿ ಎಲ್‌ಇಡಿ ಪಟ್ಟಿ ಉರಿಸಿದರೆ ಎದುರು ಬರುವವರೂ ಕುರುಡರಾಗುತ್ತಾರೆ, ಉರಿಸಿದವರೂ.

ಕಾನೂನನ್ನು ಬಜೆಟ್ಟಿನ ಮೊದಲೇ ಓದಿಕೊಳ್ಳಬೇಕು. ಕಬ್ಬಿಣದ ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಬರೆಯಿತು. ಪಾದಚಾರಿಗೆ ಬಡಿದಾಗ ಅದು ಬಗ್ಗುವುದಿಲ್ಲ, ಏಟಿನ ಬಲವನ್ನು ನೇರ ಚಾಸಿಗೆ ಕಳಿಸುತ್ತದೆ, ಏರ್‌ಬ್ಯಾಗಿನ ಲೆಕ್ಕಾಚಾರವನ್ನೂ ಕೆಡಿಸಬಹುದು. ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನಡಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ. ಕ್ಯಾನೊಪಿ, ಎತ್ತರ ಹೆಚ್ಚಿಸುವ ಕಿಟ್, ವಿಂಚ್ ಬಂಪರ್ ಹಾಕಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಲಿಖಿತವಾಗಿ ಕೇಳಿಕೊಳ್ಳುವುದು ಕ್ಷೇಮ. ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದು ಇಂಥವನ್ನೇ. ಗಾಡಿ ಬಿಳಿ ಬೋರ್ಡಿನದಾದರೆ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಹಳದಿ ಬೋರ್ಡಿನದಾದರೆ ಎಂಟು ವರ್ಷದ ನಂತರ ಪ್ರತಿ ವರ್ಷ ಎಫ್‌ಸಿ. 2012ರ ಬಿಳಿ ಬೋರ್ಡ್ ಗಾಡಿಗೆ 15 ತುಂಬುವುದು 2027ರಲ್ಲಿ. ಆ ತಪಾಸಣೆಗೆ ಹೇಗೂ ಬ್ರೇಕು, ಲೈಟು, ಹೊಗೆ ಸರಿ ಇರಬೇಕು. ಯೋಜನೆಯ ಮೊದಲ ಕಂತನ್ನು ಅದಕ್ಕೇ ಹೊಂದಿಸಿದರೆ ಹಣ ಎರಡು ಸಲ ಹೋಗುವುದಿಲ್ಲ.

ಈಗ ರೂಪಾಯಿಯ ಪುಸ್ತಕ. ಕೈಯಲ್ಲಿ ಮೂರು ಲಕ್ಷ ಇದೆ ಎನ್ನೋಣ. ಅದರಲ್ಲಿ 60,000 ಮುಟ್ಟಲೇಬಾರದು. ಹಳೆ ಗಾಡಿಯಲ್ಲಿ ಒಂದು ಬೋಲ್ಟ್ ಬಿಚ್ಚಿದರೆ ಅದರ ಹಿಂದಿನ ಮೂರು ಭಾಗ ಸವೆದಿರುವುದು ಕಾಣುತ್ತದೆ, ಆ ಹಣ ಅದಕ್ಕೆ. 1,10,000 ಗಾಡಿಯನ್ನು ಮೊದಲ ಸ್ಥಿತಿಗೆ ತರಲು: ತುಕ್ಕು, ಬ್ರೇಕು, ಆಯಿಲುಗಳು, ಸೀಲು, ಬುಶ್ಶು, ಬೇರಿಂಗು, ಹೋಸು, ಬ್ರೀದರ್. ಕ್ಲಚ್ಚು ಸೋತಿದ್ದರೆ ಇದು ಸಾಲದು, ಟಯರನ್ನು ಮುಂದಿನ ವರ್ಷಕ್ಕೆ ತಳ್ಳಬೇಕು. ಟಯರು ಐದಕ್ಕೆ 60,000, ಸ್ಪ್ರಿಂಗು-ಶಾಕ್ ಅಬ್ಸಾರ್ಬರಿಗೆ 40,000, ಎಳೆಯುವ ಸಾಮಾನು ಮತ್ತು ಕಂಪ್ರೆಸರಿಗೆ 15,000, ಬ್ಯಾಟರಿ-ವೈರಿಂಗಿಗೆ 15,000. ಗಾಡಿ, ಊರು, ಬ್ರ್ಯಾಂಡಿಗೆ ತಕ್ಕಂತೆ ಅಂಕಿಗಳು ಹಿಂದೆಮುಂದಾಗುತ್ತವೆ, ಅನುಕ್ರಮ ಬದಲಾಗದಿರಲಿ. ವಿಂಚು, ಬಂಪರ್, ಕ್ಯಾನೊಪಿ ಈ ಮೂರು ಲಕ್ಷದಲ್ಲಿ ಇಲ್ಲವೇ ಇಲ್ಲ ಎಂಬುದನ್ನು ಗಮನಿಸಿ. ಹಾಕಿದ ಹಣ ಮಾರುವಾಗ ಮರಳುವುದಿಲ್ಲ. ಐದು ವರ್ಷ ದಾಟಿದ ಗಾಡಿಯ ವಿಮಾ ಮೌಲ್ಯವನ್ನು ಮಾಲೀಕರೂ ಕಂಪನಿಯೂ ಮಾತಾಡಿ ನಿಗದಿ ಮಾಡಬೇಕು; ಮೂರು ಲಕ್ಷ ಸುರಿದಿದ್ದೀರೆಂದು ಅದು ಮೂರು ಲಕ್ಷ ಏರದು. ಇನ್ನು ಐದು ವರ್ಷ ಓಡಿಸುತ್ತೇವೆ ಎಂದಾದರೆ ವರ್ಷಕ್ಕೆ 60,000, ಹೊಸ ಗಾಡಿಯ ಎರಡು-ಮೂರು ತಿಂಗಳ ಕಂತು. ಎರಡೇ ವರ್ಷಕ್ಕೆ ಮಾರುವ ಅಂದಾಜಿದ್ದರೆ ಬ್ರೇಕು, ಆಯಿಲು, ಟಯರಿಗೆ ನಿಲ್ಲಿಸಿಬಿಡಬೇಕು.

ಬಿಡಿಭಾಗಗಳನ್ನೂ ಇದೇ ಯೋಜನೆಯಲ್ಲಿ ಸೇರಿಸಬೇಕು. ಮಾರಾಟ ನಿಂತ ಮಾಡೆಲ್‌ಗಳಲ್ಲಿ ಎರಡು ಬಗೆಯ ಭಾಗಗಳಿರುತ್ತವೆ. ಗೆಟ್‌ಅವೇಗೆ ಸ್ಕಾರ್ಪಿಯೊ, ಜೆನಾನ್‌ಗೆ ಟಾಟಾದ ಯೋಧ ಪಿಕಪ್ ದಾಯಾದಿಗಳು. ಅವುಗಳೊಂದಿಗೆ ಹಂಚಿಕೊಂಡ ಭಾಗಗಳಿಗೆ ಇನ್ನೂ ಹಲವು ವರ್ಷ ಚಿಂತೆಯಿಲ್ಲ. ಆ ಮಾಡೆಲ್ಲಿಗೆ ಮಾತ್ರ ಸೇರಿದ ಹಿಂದಿನ ಲೈಟು, ತೊಟ್ಟಿಯ ಬಾಗಿಲಿನ ಹಿಡಿಕೆ, ಫೋರ್ ವೀಲ್ ಮೋಟಾರಿನಂಥವು ಎಲ್ಲಾದರೂ ಕಣ್ಣಿಗೆ ಬಿದ್ದಾಗಲೇ ಕೊಂಡಿಡಬೇಕು. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಪಾರ್ಟ್ ನಂಬರ್ ಕೊಟ್ಟು ಕೇಳಿ, ಬಿಲ್ ಪಡೆದು ಕೊಳ್ಳುವುದು ಒಳ್ಳೆಯದು. ಬೇರಿಂಗು, ಬ್ರೇಕ್ ಭಾಗ, ಫಿಲ್ಟರುಗಳಲ್ಲಿ ನಕಲಿಯ ಹಾವಳಿ ಇದೆ. ಡಬ್ಬಿಯ ಅಚ್ಚು, ಭಾಗದ ಮೇಲಿನ ಕೆತ್ತನೆ ಎರಡೂ ತಾಳೆಯಾಗಬೇಕು. ಗುಜರಿಯಿಂದ ತರುವುದಾದರೆ ಬಾಗಿಲು, ಗಾಜು, ಸೀಟು ಸರಿ. ಬ್ರೇಕಿನ ಭಾಗವನ್ನಾಗಲಿ ಸ್ಟೀರಿಂಗಿನ ಭಾಗವನ್ನಾಗಲಿ ಅಲ್ಲಿಂದ ತರುವುದು ಬೇಡ.

ಕೆಲಸ ಒಂದೇ ಸಲಕ್ಕೆ ಆಗಬೇಕಿಲ್ಲ. ಮೇ ತಿಂಗಳಲ್ಲಿ ತುಕ್ಕು, ಬ್ರೇಕು, ಆಯಿಲು, ಬ್ರೀದರ್, ಟಯರು ಮುಗಿಸಿ ಮಳೆಗಾಲಕ್ಕೆ ಇಳಿಸಿ. ಅಕ್ಟೋಬರ್‌ನಲ್ಲಿ ಮತ್ತೆ ರ‍್ಯಾಂಪ್ ಏರಿಸಿ ಆಕ್ಸಲ್ ಆಯಿಲಿನ ಬಣ್ಣ ನೋಡಿ, ಭಾರದ ಕಾಲಕ್ಕೆ ಮುಂಚೆ ಸ್ಪ್ರಿಂಗಿನ ಕೆಲಸ ಮಾಡಿಸಿ. ಎರಡು ಬದಲಾವಣೆಯ ನಡುವೆ ಬಿಡುವಿದ್ದರೆ ಹೊಸದಾಗಿ ಬಂದ ಸದ್ದು ಯಾವುದರಿಂದ ಎಂದು ತಿಳಿಯುತ್ತದೆ. ಸ್ಪ್ರಿಂಗು ಬಿಚ್ಚಿ ಕಟ್ಟಿದ ಮೇಲೆ ವೀಲ್ ಅಲೈನ್‌ಮೆಂಟ್ ಆಗಬೇಕು, ಮೊದಲ 500 ಕಿಲೋಮೀಟರ್ ಆದೊಡನೆ ಯು ಬೋಲ್ಟುಗಳನ್ನು ಮತ್ತೊಮ್ಮೆ ಟಾರ್ಕ್ ರೆಂಚಿನಿಂದ ಬಿಗಿಸಬೇಕು, ಏಕೆಂದರೆ ಹೊಸ ಪ್ಲೇಟುಗಳು ಭಾರಕ್ಕೆ ಒತ್ತಿ ಕೂತಾಗ ಬೋಲ್ಟು ಸಡಿಲಾಗುತ್ತದೆ. ಆಮೇಲೆ ಇನ್ನೊಮ್ಮೆ ವೇ ಬ್ರಿಡ್ಜಿಗೆ ಹೋಗಿ ಹೊಸ ಮೂರು ಚೀಟಿ ತಂದು ಹಳೆಯವುಗಳ ಪಕ್ಕ ಅಂಟಿಸಿಡಿ. ಮುಂದೆ ಯಾರಾದರೂ ಬಂಪರಿನ ಕ್ಯಾಟಲಾಗ್ ಹಿಡಿದು ಬಂದಾಗ ಅದರ ಬೆಲೆಯ ಜೊತೆಗೆ ತೂಕವನ್ನೂ ಕೇಳಿ, ಆ ಹಾಳೆಯಲ್ಲೇ ಕಳೆದು ನೋಡಿ.